ಹಾಳೆಗೆ ಬಾರದ ಮನೆ

ಆ ಬೆಳಿಗ್ಗೆ ಯಂತ್ರ ಏಳಲಿಲ್ಲ. ಎಂದಿನಂತೆ ಐದೂವರೆಗೆ ನಾನು ವಿಳಾಸ ಕಚೇರಿಯ ಬೀಗ ತೆಗೆದು, ಚೀಲದಿಂದ ಕರೆಂಟಿನ ವೈರು ಹೊರತೆಗೆದು, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ, ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಮೇಲೇರಿದವು, ಆಮೇಲೆ ಒಂದು ಕಡೆ ನಿಂತುಬಿಟ್ಟವು. ಡಿಸ್ಕು ಓದಲಾಗುತ್ತಿಲ್ಲ, ಮುಂದೆ ಹೋಗಲಾರೆ ಎಂಬ ಅರ್ಥದ ಎರಡು ಸಾಲು, ಅದರ ಕೆಳಗೆ ಮಿನುಗುವ ಒಂದು ಗೆರೆ, ಅಷ್ಟೆ. ಪೆಟ್ಟಿಗೆಯ ಒಳಗಿಂದ ಯಾರೋ ಉಗುರಿನಲ್ಲಿ ತಗಡು ಬಡಿಯುತ್ತಿರುವ ಹಾಗೆ ಟಕ್ ಟಕ್ ಎಂಬ ಸದ್ದು ಬೇರೆ. ಆರಿಸಿ ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ಬಂದು ಅದೇ ಎರಡು ಸಾಲು ಹೇಳಿ ನಿಂತಿತು. ಯಂತ್ರ ಕೆಟ್ಟಿದೆ ಎಂದು ನನಗೆ ಹೊಳೆಯಲೇ ಇಲ್ಲ. ಯಾರೋ ಕೆಡಿಸಿದ್ದಾರೆ ಎಂದೇ ಮೊದಲು ಹೊಳೆದದ್ದು.

ಮುಚ್ಚುಮರೆ ಯಾಕೆ, ನಾನು ಅನುಮಾನದ ಪ್ರಾಣಿ. ಹನ್ನೊಂದು ವರ್ಷದಿಂದ ಆ ಕಚೇರಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೇನೆ, ಒಂದು ದಿನವೂ ಯಾರನ್ನೂ ಏನನ್ನೂ ಕೇಳಿದವನಲ್ಲ. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಸುಮ್ಮನೆ ನೋಡುತ್ತಿದ್ದರೆ ತಾನಾಗಿಯೇ ತಿಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಹಾಗಾಗಿ ಕುರ್ಚಿ ನಿನ್ನೆ ಇದ್ದಲ್ಲೇ ಇದೆಯೇ ಎಂದು ನೆಲದ ಮೇಲಿನ ಸೀಮೆಸುಣ್ಣದ ಗುರುತು ನೋಡಿಕೊಂಡೇ ಕೂರುತ್ತಿದ್ದೆ. ಮೇಜಿನ ಡ್ರಾಯರಿನ ಸಂದಿಯಲ್ಲಿ ಒಂದು ಬೆಂಕಿಕಡ್ಡಿ ಸಿಕ್ಕಿಸಿ ಹೋಗುತ್ತಿದ್ದೆ, ತೆರೆದವರಿದ್ದರೆ ಕಡ್ಡಿ ಬಿದ್ದಿರಬೇಕು. ಸಂಜೆ ಆರು ಗಂಟೆಗೆ ಎಲ್ಲರೂ ಹೊರಟ ಮೇಲೆ ಯಂತ್ರದ ವೈರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದೆ. ವೈರಿಲ್ಲದೆ ಯಂತ್ರವನ್ನು ಮುಟ್ಟುವವರು ಯಾರು? ಹೆಂಡತಿ ವಿಶಾಲಾಕ್ಷಿ ಮೊದಲೆಲ್ಲ ನಗುತ್ತಿದ್ದಳು, ಆಮೇಲೆ ನಗುವುದನ್ನೂ ಬಿಟ್ಟಳು. ಅವಳು ಏನಾದರೂ ಹೇಳಿದರೆ ಇದನ್ನು ಈಗ ಯಾಕೆ ಹೇಳುತ್ತಿದ್ದಾಳೆ ಎಂದು ನಾನು ಯೋಚಿಸುತ್ತ ಕೂರುತ್ತೇನೆ ಎಂಬುದು ಅವಳಿಗೆ ಗೊತ್ತಾಗಿ, ಹೇಳುವುದನ್ನೂ ಕಡಿಮೆ ಮಾಡಿದ್ದಳು.

ಯಂತ್ರ ಏಳದಿದ್ದರೆ ಅಷ್ಟೇನು ಗಾಬರಿ ಎಂದು ಬೇರೆ ಊರಿನವರು ಕೇಳಬಹುದು. ನಮ್ಮೂರಿನಲ್ಲಿ ಮನೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಸಂಜೆ ಹುಣಸೆಮರದ ಪಕ್ಕದಲ್ಲಿದ್ದ ಮನೆ ಬೆಳಕು ಹರಿಯುವ ಹೊತ್ತಿಗೆ ಅಂಚೆ ಡಬ್ಬಿಯ ಹಿಂದೆ ಇರುತ್ತದೆ. ನೀರಿನ ಟ್ಯಾಂಕು, ಆಸ್ಪತ್ರೆ, ಟ್ಯಾಂಕಿನ ಕೆಳಗಿನ ನಮ್ಮ ಕಚೇರಿ, ಈ ಮೂರು ಮಾತ್ರ ಕದಲುವುದಿಲ್ಲ. ಜನ ಇದಕ್ಕೆ ಯಾವಾಗಲೋ ಒಗ್ಗಿಕೊಂಡಿದ್ದಾರೆ. ಪಕ್ಕದ ಮನೆಯವರು ಎನ್ನುವುದಿಲ್ಲ, ಇವತ್ತಿನ ಪಕ್ಕದವರು ಎನ್ನುತ್ತಾರೆ. ಸಾಲ ತಂದ ಬಟ್ಟಲು ಸಕ್ಕರೆ ಹಿಂದಿರುಗಿಸಲು ಒಮ್ಮೊಮ್ಮೆ ಎರಡು ವರ್ಷ ಹಿಡಿಯುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗಡಿಗೋಡೆಯ ಜಗಳ ನಮ್ಮಲ್ಲಿಲ್ಲ. ಹೆಣ್ಣು ನೋಡಲು ಬಂದವರು ಊಟಕ್ಕೆ ನಿಂತು, ರಾತ್ರಿ ಉಳಿದು, ಬೆಳಿಗ್ಗೆ ತಮ್ಮ ಮನೆಯ ಎದುರಿಗೇ ಎದ್ದದ್ದೂ ಉಂಟು.

ಯಾವ ಮನೆ ಎಲ್ಲಿ ನಿಂತಿದೆ ಎಂಬುದು ಬೆಳಗಿನ ಹಾಳೆಯಲ್ಲಿ ಬರುತ್ತದೆ, ಆ ಹಾಳೆ ನಮ್ಮ ಯಂತ್ರದಿಂದ ಬರುತ್ತದೆ. ಹಾಳೆಯಲ್ಲಿ ಇಲ್ಲದ ಮನೆ ಸಿಗುವುದಿಲ್ಲ. ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋದರೂ ಅಲ್ಲಿ ಇನ್ಯಾರದೋ ಹಿತ್ತಿಲು ಇರುತ್ತದೆ. ಒಳಗಿದ್ದವರು ಹೊರಗೆ ಬರಲಾರರು, ಹೊರಗಿದ್ದವರು ಒಳಗೆ ಹೋಗಲಾರರು. ಸತತ ಮೂರು ಬೆಳಗಿನ ಹಾಳೆಯಲ್ಲಿ ಬಾರದ ಮನೆ ಆಮೇಲೆ ಎಂದೂ ಬಂದದ್ದಿಲ್ಲ. ನಾನು ಚಿಕ್ಕವನಿದ್ದಾಗ ಹಾಗೆ ಹೋದ ಎರಡು ಮನೆಗಳ ಬಗ್ಗೆ ಹಿರಿಯರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಆ ಬೆಳಿಗ್ಗೆ ಹಾಳೆ ಬರಲಿಲ್ಲ ಎಂದರೆ ಅದು ನಾನೂರ ಹನ್ನೆರಡು ಮನೆಗಳಿಗೆ ಮೊದಲ ದಿನ. ನನ್ನ ಮನೆಯೂ ಅದರಲ್ಲಿ ಒಂದು, ವಿಶಾಲಾಕ್ಷಿ ಅದರ ಒಳಗೆ.

ಏಳು ಗಂಟೆಯ ಹೊತ್ತಿಗೆ, ಬೆಳಕು ಹರಿಯುವ ಮುಂಚೆಯೇ ಮನೆ ಬಿಟ್ಟಿದ್ದವರೆಲ್ಲ ಕಚೇರಿಯ ಅಂಗಳದಲ್ಲಿ ಸೇರಿದ್ದರು. ಹಾಲಿನ ಕ್ಯಾನು ಹೊತ್ತ ಹನುಮಕ್ಕ, ರಾತ್ರಿಪಾಳಿ ಮುಗಿಸಿದ ನರ್ಸ್ ಫಿಲೋಮಿನಾ, ವಾಕಿಂಗಿಗೆಂದು ಹೊರಟು ಹಲ್ಲುಸೆಟ್ಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಇಬ್ಬರು ಮುದುಕರು, ಹೀಗೆ ಐವತ್ತು ಅರವತ್ತು ಜನ. ಕಚೇರಿಯ ಮುಖ್ಯಸ್ಥ ಗುರುಪಾದಯ್ಯನವರೂ ವಾಕಿಂಗಿನಿಂದ ಮಂಕಿ ಟೋಪಿಯಲ್ಲೇ ಬಂದರು. ಅವರು ಒಳ್ಳೆಯ ಮನುಷ್ಯ, ಆದರೆ ಯಂತ್ರದ ಹತ್ತಿರ ಬಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಹನ್ನೊಂದು ವರ್ಷದ ಅನುಭವ ನಿಮ್ಮದು ಇಂದುಧರ, ನೀವೇ ನೋಡಿ ಎಂದು ಹೇಳಿ ಅಂಗಳಕ್ಕೆ ಹೋಗಿ ಜನರಿಗೆ ಸಮಾಧಾನ ಹೇಳತೊಡಗಿದರು.

ಆಮೇಲೆ, ನಸುಕಿನಲ್ಲೇ ಮನೆ ಬಿಟ್ಟಿದ್ದ ದಾಕ್ಷಾಯಿಣಿ ಬಂದಳು. ಎಂಟು ತಿಂಗಳ ಹಿಂದೆ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವಳು, ಮೂವತ್ತರ ಆಸುಪಾಸು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸೇರಿದ ವಾರದಲ್ಲೇ ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿದ್ದಳು. ವೈರು ಕೀಳುವ ಮುಂಚೆ ಈ ಕಮಾಂಡು ಕೊಟ್ಟು ಯಂತ್ರವನ್ನು ನಿಲ್ಲಿಸಬೇಕು ಎಂದು ಅದರಲ್ಲಿ ಬರೆದಿತ್ತು. ನಾನು ಕೊಡಬೇಕಾದ ಕಮಾಂಡು ಇವಳು ಯಾಕೆ ಬರೆದಿಡಬೇಕು, ಕೊಟ್ಟರೆ ಏನಾಗುತ್ತದೋ ಎಂದು ಆ ಸಂಜೆಯೇ ಕಿತ್ತು ಹರಿದೆಸೆದಿದ್ದೆ. ಮಾರನೆಯ ದಿನ ಅವಳು ಖಾಲಿ ಅಂಚನ್ನು ನೋಡಿದಳು, ನನ್ನನ್ನೂ ನೋಡಿದಳು, ತನ್ನ ಕೆಲಸಕ್ಕೆ ಕೂತಳು. ಆವತ್ತಿನಿಂದ ನಾನು ಅವಳ ಮೇಲೆ ಒಂದು ಕಣ್ಣಿಟ್ಟಿದ್ದೆ.

ಬಂದವಳೇ ಪೆಟ್ಟಿಗೆಗೆ ಕಿವಿಗೊಟ್ಟು ಟಕ್ ಟಕ್ ಕೇಳಿಸಿಕೊಂಡಳು. ಚೀಲದಿಂದ ಒಂದು ಕೆಂಪು ನೋಟ್‌ಬುಕ್ ತೆಗೆದು ಪರದೆಯ ಮೇಲಿನ ಎರಡೂ ಸಾಲನ್ನು ಅಕ್ಷರ ಬಿಡದೆ ಬರೆದುಕೊಂಡಳು. ಯಾರಿಗೆ ತೋರಿಸಲು ಬರೆದುಕೊಳ್ಳುತ್ತಿದ್ದಾಳೆ ಎಂದು ನನಗೆ ಯೋಚನೆ ಹತ್ತಿತು. ಮೊದಲು ಕೇಬಲ್ ನೋಡೋಣ ಸಾರ್, ಎಂದಳು. ಕರೆಂಟು ತೆಗೆದು ಪೆಟ್ಟಿಗೆ ಬಿಚ್ಚಿದರೆ, ಡಿಸ್ಕಿಗೆ ಹೋಗುವ ಪಟ್ಟಿ ಕೇಬಲ್ಲಿನ ಒಂದು ತುದಿ ಅರ್ಧ ಹೊರಬಂದು ಸೊಟ್ಟಗೆ ನಿಂತಿತ್ತು. ದಿನಾ ಯಾರೋ ಪೆಟ್ಟಿಗೆಯನ್ನು ಎಳೆದಾಡಿದ ಹಾಗಿದೆ ಎಂದು ಅವಳು ಮೆಲ್ಲಗೆ ಅಂದಳು. ಯಾರೋ ಎಂದರೆ ಯಾರು ಎಂದು ನಾನು ಕೇಳಲಿಲ್ಲ, ಅವಳ ಮುಖವನ್ನೇ ನೋಡಿದೆ. ಕೇಬಲ್ಲನ್ನು ಒತ್ತಿ ಕೂರಿಸಿದ ಮೇಲೆ ಟಕ್ ಟಕ್ ನಿಂತಿತು. ಇಷ್ಟು ಬೇಗ ಇವಳಿಗೆ ಹೇಗೆ ಸಿಕ್ಕಿತು ತೊಂದರೆ ಇರುವ ಜಾಗ ಎಂದು ನನ್ನ ಅನುಮಾನ ಇಮ್ಮಡಿಯಾಯಿತು.

ಸದ್ದು ನಿಂತರೂ ಯಂತ್ರ ಪೂರ್ತಿ ಏಳಲಿಲ್ಲ. ಈ ಸಲ ಡಿಸ್ಕು ಸಿಕ್ಕಿತು, ಆದರೆ ಅದರ ಮೊದಲ ಪುಟ ಓದಲು ಬರುತ್ತಿಲ್ಲ ಎಂದಿತು. ಡಿಸ್ಕಿನಲ್ಲಿ ಏನೇನಿದೆ, ಎಷ್ಟಿದೆ, ಎಲ್ಲಿಂದ ಶುರು ಎಂಬುದೆಲ್ಲ ಇರುವ ಪುಟ ಅದು, ಸೂಪರ್‌ಬ್ಲಾಕ್ ಎನ್ನುತ್ತಾರೆ. ಅದು ಹಾಳಾದರೆ ಉಳಿದದ್ದೆಲ್ಲ ನೆಟ್ಟಗಿದ್ದರೂ ಯಂತ್ರಕ್ಕೆ ಕಣ್ಣು ಕಟ್ಟಿದಂತೆ. ಆದರೆ ಆ ಪುಟದ ನಕಲುಗಳನ್ನು ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಮೊದಲೇ ಬಚ್ಚಿಟ್ಟಿರುತ್ತಾರೆ. ಈ ವ್ಯವಸ್ಥೆ ಮಾಡಿದವನು ಯಾರೋ ನನ್ನಂಥವನೇ ಇರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು. ದಾಕ್ಷಾಯಿಣಿ ಎರಡನೆಯ ನಕಲಿನ ಜಾಗವನ್ನು ಲೆಕ್ಕ ಹಾಕಿ ಕೊಟ್ಟಳು. ತಪಾಸಣೆ ಮಾಡಿ ರಿಪೇರಿ ಮಾಡುವ ಕಮಾಂಡು ಒಂದಿದೆ, ಎಫ್‌ಎಸ್‌ಸಿಕೆ ಎಂದು. ಅದನ್ನು ಬರೀ ನೋಡು, ಏನನ್ನೂ ಮುಟ್ಟಬೇಡ ಎಂಬ ಕಟ್ಟುಪಾಡಿನೊಂದಿಗೆ ಓಡಿಸಿದಳು. ತಪ್ಪುಗಳು ಒಂದರ ಹಿಂದೊಂದು ಬಂದವು. ಇಂಥ ದಾಖಲೆಗೆ ಹೆಸರಿಲ್ಲ, ಇಂಥ ಹೆಸರಿಗೆ ದಾಖಲೆಯಿಲ್ಲ, ಇಂಥ ಜಾಗವನ್ನು ಇಬ್ಬರು ತಮ್ಮದೆನ್ನುತ್ತಿದ್ದಾರೆ. ಅವಳು ಎಲ್ಲವನ್ನೂ ಕೆಂಪು ನೋಟ್‌ಬುಕ್ಕಿಗೆ ಇಳಿಸಿದಳು.

ಆಮೇಲೆ ನನ್ನ ಕಡೆ ತಿರುಗಿ ಅಂದಳು. "ಸಾರ್, ರಿಪೇರಿಗೆ ಮುಂಚೆ ಡಿಸ್ಕಿನ ಪೂರ್ತಿ ನಕಲು ತೆಗೆದಿಟ್ಕೊಳ್ಳೋಣ. ಬೀರುವಿನಲ್ಲಿ ಒಂದು ಖಾಲಿ ಡಿಸ್ಕ್ ಇದೆಯಲ್ಲ, ಅದರಲ್ಲಿ. ರಿಪೇರಿ ಎಡವಟ್ಟಾದ್ರೆ ಇನ್ನೊಂದು ಸಲ ನೋಡೋಕೆ ದಾರಿ ಇರುತ್ತೆ. ಏಳೆಂಟು ಗಂಟೆ ಹಿಡಿಯುತ್ತೆ ಅಷ್ಟೆ."

ಬೀರುವಿನ ಬೀಗದಕೈ ನನ್ನ ಜನಿವಾರದಲ್ಲಿತ್ತು. ಒಳಗೆ ಖಾಲಿ ಡಿಸ್ಕು ಇರುವುದು ಇವಳಿಗೆ ಹೇಗೆ ಗೊತ್ತು? ಊರಿನ ನಾನೂರ ಹನ್ನೆರಡು ಮನೆಗಳ ವಿವರ ಇನ್ನೊಂದು ಡಿಸ್ಕಿನಲ್ಲಿ ಇವಳಿಗೆ ಯಾಕೆ ಬೇಕು? ಯಂತ್ರ ಕೆಟ್ಟದ್ದೇ ಈ ನಕಲಿಗೋಸ್ಕರ ಇರಬಾರದೇಕೆ? ಒಂದಕ್ಕೊಂದು ಕೊಂಡಿ ಕೂಡಿಸಿಕೊಳ್ಳುತ್ತ ಹೋಯಿತು ನನ್ನ ತಲೆ. ಬೀಗದಕೈ ಮನೆಯಲ್ಲಿದೆ ಎಂದು ಸುಳ್ಳು ಹೇಳಿದೆ. ಅವಳು ಹಾಗಾದರೆ ಬೀಗ ಒಡೆಯೋಣ ಎಂದಳು. ಅದಕ್ಕೆ ನಾನು ಒಪ್ಪಲಿಲ್ಲ. ವಾದ, ಗುರುಪಾದಯ್ಯನವರ ಮುಂದೆ ಪಂಚಾಯಿತಿ, ಅವರ ಹೂಂ ಮತ್ತು ಊಹೂಂ, ಇದರಲ್ಲೇ ಆ ದಿನ ಕಳೆಯಿತು. ಜನ ಆಸ್ಪತ್ರೆಯ ಜಗಲಿಯ ಮೇಲೆ ಮಲಗಿದರು. ಹನುಮಕ್ಕನ ಎರಡು ಕ್ಯಾನು ಹಾಲನ್ನು ಕಾಯಿಸಿ ಎಲ್ಲರಿಗೂ ಹಂಚಿದರು.

ಎರಡನೆಯ ಬೆಳಗೂ ಹಾಳೆಯಿಲ್ಲದೆ ಆಯಿತು. ದಾಕ್ಷಾಯಿಣಿ ಹೊರಗೆ ಹನುಮಕ್ಕನ ಜೊತೆ ಏನೋ ಗುಸುಗುಸು ಮಾತಾಡುತ್ತ ನಿಂತಿದ್ದಳು. ನನ್ನ ಬೆನ್ನ ಹಿಂದೆ ಏನೋ ಹೂಡುತ್ತಿದ್ದಾರೆ ಎನಿಸಿ ನಾನು ಬಾಗಿಲ ಚಿಲಕ ಹಾಕಿ ಯಂತ್ರದ ಮುಂದೆ ಕೂತೆ. ಅದೇ ರಿಪೇರಿ ಕಮಾಂಡನ್ನು ಈ ಸಲ ಕಟ್ಟುಪಾಡಿಲ್ಲದೆ, ಕೇಳಿದ್ದಕ್ಕೆಲ್ಲ ಹೌದು ಎಂಬ ಉತ್ತರ ಮೊದಲೇ ಕೊಟ್ಟು ಓಡಿಸಿದೆ. ಸರಿಪಡಿಸಲೇ? ಹೌದು. ತೆಗೆದುಹಾಕಲೇ? ಹೌದು. ಸಾಲುಗಳು ನನ್ನ ಕಣ್ಣಿಗೂ ಸಿಗದಷ್ಟು ವೇಗವಾಗಿ ಓಡಿದವು. ಹೊರಗಿಂದ ಅವಳು ಬಾಗಿಲು ಬಡಿಯುತ್ತಿದ್ದಳು. ಒಂದೊಂದನ್ನೂ ಓದಿ ಉತ್ತರ ಕೊಡಿ ಸಾರ್, ಓದಿ ಕೊಡಿ ಎನ್ನುವುದು ಕೇಳಿಸುತ್ತಿತ್ತು. ನಾನು ಮತ್ತಷ್ಟು ಬಿಗಿಯಾಗಿ ಕೂತೆ.

ಹತ್ತೂವರೆಗೆ ಯಂತ್ರ ಎದ್ದಿತು. ಪ್ರಿಂಟರು ಕಿರ್ ಎಂದು ಸದ್ದು ಮಾಡಿ ಹಾಳೆ ಹೊರಹಾಕತೊಡಗಿದಾಗ ಅಂಗಳದಲ್ಲಿ ಜನ ಚಪ್ಪಾಳೆ ತಟ್ಟಿದರು. ನಾನು ಎದೆಯುಬ್ಬಿಸಿ ಬಾಗಿಲು ತೆಗೆದೆ. ಗುರುಪಾದಯ್ಯನವರು ನನ್ನ ಬೆನ್ನು ತಟ್ಟಿದರು. ಜನ ತಮ್ಮ ತಮ್ಮ ಮನೆಯ ಸಾಲು ಓದಿಕೊಂಡು ಓಡುತ್ತಿದ್ದರು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ, ಎಣಿಸುವ ಚಾಳಿ ಬಿಡದ ನಾನು ಸಾಲುಗಳನ್ನು ಎಣಿಸಿದೆ. ನಾನೂರ ಒಂಬತ್ತು. ಮತ್ತೆ ಎಣಿಸಿದೆ. ನಾನೂರ ಒಂಬತ್ತೇ. ಹನುಮಕ್ಕನ ಮನೆ ಇರಲಿಲ್ಲ. ಫಿಲೋಮಿನಾ ಮನೆ ಇರಲಿಲ್ಲ. ನನ್ನದು ನೂರ ಹದಿನೆಂಟು. ಹಾಳೆಯಲ್ಲಿ ನೂರ ಹದಿನೇಳರ ಕೆಳಗೆ ನೂರ ಹತ್ತೊಂಬತ್ತು ಇತ್ತು.

ನನಗೆ ಭಯವಾಯಿತು. ವಿಶಾಲಾಕ್ಷಿ ಈಗ ಅಡುಗೆಮನೆಯಲ್ಲಿ ಏನು ಮಾಡುತ್ತಿರಬಹುದು, ಬಾಗಿಲು ತೆಗೆದರೆ ಅವಳಿಗೆ ಏನು ಕಾಣುತ್ತಿರಬಹುದು ಎಂದು ಮೊದಲ ಸಲ ಯೋಚಿಸಿದೆ. ನಾಳೆಯ ಹಾಳೆ ಮೂರನೆಯದು. ದಾಕ್ಷಾಯಿಣಿಯ ಮನೆ ಮಾತ್ರ ಇನ್ನೂರ ಆರನೆಯ ಸಾಲಿನಲ್ಲಿ ಕ್ಷೇಮವಾಗಿ ಇತ್ತು. ಅದನ್ನು ಕಂಡದ್ದೇ ಭಯವೆಲ್ಲ ಸಿಟ್ಟಾಗಿ ತಿರುಗಿತು. ಗುರುಪಾದಯ್ಯನವರನ್ನೂ ಉಳಿದಿದ್ದ ಹತ್ತು ಹದಿನೈದು ಜನರನ್ನೂ ಒಳಗೆ ಕರೆದೆ. ಯಂತ್ರ ತನಗೆ ಯಾವ ದಿನ ಏನಾಯಿತು ಎಂದು ತಾನೇ ಬರೆದಿಟ್ಟುಕೊಳ್ಳುತ್ತದೆ, ಲಾಗ್ ಎನ್ನುತ್ತಾರೆ ಅದಕ್ಕೆ, ಯಾರು ಕೆಡಿಸಿದರು ಎಂದು ಈಗಲೇ ಎಲ್ಲರ ಮುಂದೆ ತೋರಿಸುತ್ತೇನೆ ಎಂದೆ. ದಾಕ್ಷಾಯಿಣಿ ಗೋಡೆಗೆ ಒರಗಿ ನಿಂತಿದ್ದಳು. "ಬೇಡ ಸಾರ್," ಅಂದಳು. ಬೇಡ ಎಂದದ್ದೇ ನನಗೆ ಸಾಕ್ಷಿಯಾಯಿತು.

ಲಾಗ್ ತೆರೆದು ದೊಡ್ಡ ದನಿಯಲ್ಲಿ ಓದಿದೆ. ಮೊನ್ನೆ ಸಂಜೆ ಆರು ಗಂಟೆ ಐದು ನಿಮಿಷ, ನಿಲ್ಲಿಸುವ ಆದೇಶವಿಲ್ಲದೆ ಕರೆಂಟು ಹೋಗಿದೆ, ಬರೆಯುತ್ತಿದ್ದ ಕೆಲಸ ಅರ್ಧಕ್ಕೆ ನಿಂತಿದೆ. ಅದರ ಹಿಂದಿನ ಸಂಜೆ ಆರು ಗಂಟೆ ನಾಲ್ಕು ನಿಮಿಷ, ಅದೇ. ಅದರ ಹಿಂದಿನ ಸಂಜೆ ಆರು ಗಂಟೆ ಐದು. ನೋಡಿದಿರಾ, ದಿನಾ ಒಂದೇ ಹೊತ್ತಿಗೆ ಯಾರೋ ಬಂದು ವೈರು ಕೀಳುತ್ತಿದ್ದಾರೆ ಎಂದು ಮೇಜು ಗುದ್ದಿದೆ. ಗುರುಪಾದಯ್ಯನವರು ನೆಲ ನೋಡಿದರು. ಹನುಮಕ್ಕ ಮಾತ್ರ ನನ್ನ ಹೆಗಲಿಗೆ ನೇತುಬಿದ್ದಿದ್ದ ಚೀಲದ ಕಡೆ ಬೆರಳು ತೋರಿಸಿದಳು. "ಅಣ್ಣಾ, ಆರು ಗಂಟೆ ಮೇಲೆ ಇಲ್ಲಿ ನೀನೊಬ್ಬನೇ ಅಲ್ವಾ ಇರೋದು? ಆ ವೈರ್ನ ದಿನಾ ಕಿತ್ಕೊಂಡು ಹೋಗೋದು ಊರಿಗೆಲ್ಲ ಗೊತ್ತು."

ಮತ್ತೆ ಲಾಗ್ ನೋಡಿದೆ. ಹಿಂದೆ, ಇನ್ನೂ ಹಿಂದೆ ಹೋದೆ. ತಿಂಗಳುಗಳು, ವರ್ಷಗಳು. ಎಲ್ಲ ಸಂಜೆಯೂ ಆರು ಗಂಟೆಯ ಮೇಲೆ ಮೂರು, ನಾಲ್ಕು, ಐದು ನಿಮಿಷ. ಹಬ್ಬದ ದಿನ ಮಾತ್ರ ನಾಲ್ಕೂವರೆ, ಆ ದಿನ ನಾನು ಬೇಗ ಹೋಗುತ್ತಿದ್ದೆ. ಯಂತ್ರ ಏನೋ ಬರೆದಿಡುತ್ತಿದ್ದಾಗಲೇ ಅದರ ಕೈಯಿಂದ ಲೇಖನಿ ಕಿತ್ತುಕೊಂಡ ಹಾಗೆ ಸಂಜೆ ಸಂಜೆಯೂ ನಾನೇ ವೈರು ಕಿತ್ತುಕೊಳ್ಳುತ್ತಿದ್ದೆ. ವೈರಿಗಾಗಿ ಪೆಟ್ಟಿಗೆಯನ್ನು ಮುಂದಕ್ಕೆ ಎಳೆಯುತ್ತಿದ್ದವನೂ ನಾನೇ. ದಾಕ್ಷಾಯಿಣಿ ಬೇಡ ಎಂದದ್ದು ನನ್ನ ಮರ್ಯಾದೆ ಉಳಿಸಲಿಕ್ಕೆ ಎಂದು ಆಗ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಜನ ಒಬ್ಬೊಬ್ಬರಾಗಿ ಹೊರಗೆ ಹೋದರು.

ಉಳಿದದ್ದು ನಾವು ನಾಲ್ವರು, ಜೊತೆಗೆ ಬಾಗಿಲಲ್ಲಿ ಕೈಕಟ್ಟಿ ನಿಂತ ಗುರುಪಾದಯ್ಯನವರು. ದಾಕ್ಷಾಯಿಣಿ ಏನೂ ಆಗಿಲ್ಲವೆಂಬಂತೆ ಕುರ್ಚಿ ಎಳೆದು ಕೂತಳು. ರಿಪೇರಿ ಆಗುವಾಗ ಹೆಸರು ಕಳೆದುಕೊಂಡ ದಾಖಲೆಗಳನ್ನು ಯಂತ್ರ ಎಸೆಯುವುದಿಲ್ಲ, ಕಳೆದುಹೋಗಿ ಸಿಕ್ಕಿದ್ದು ಎಂಬ ಹೆಸರಿನ ಒಂದು ಮೂಲೆಯಲ್ಲಿ ಬರೀ ನಂಬರು ಹಾಕಿ ಇಟ್ಟಿರುತ್ತದೆ ಎಂದು ವಿವರಿಸಿದಳು. ಆ ಮೂಲೆ ತೆರೆದರೆ ಐದು ನಂಬರುಗಳಿದ್ದವು. ಕಾಣೆಯಾದ ಮನೆಗಳು ಮೂರು, ದಾಖಲೆಗಳು ಐದು. ಉಳಿದೆರಡು ನಾನು ಚಿಕ್ಕವನಿದ್ದಾಗ ಹೋದ ಮನೆಗಳಿರಬೇಕು, ಹಳೆಯ ಕೈಬರಹದ ಪುಸ್ತಕದಿಂದ ಯಂತ್ರಕ್ಕೆ ಬಂದು, ಹೆಸರಿಲ್ಲದಿದ್ದರೂ ಹಾಗೇ ಒಳಗೆ ಕೂತಿದ್ದವು. ಮನೆಯ ಹೆಸರಾಗಲಿ ನಂಬರಾಗಲಿ ದಾಖಲೆಯ ಒಳಗೆ ಇರುವುದಿಲ್ಲ. ಮೆಟ್ಟಿಲೆಷ್ಟು, ಹೊಸಿಲು ಯಾವ ಮರದ್ದು, ಬಾಗಿಲ ಬಣ್ಣ ಏನು, ಎಲ್ಲಿ ಬಿರುಕಿದೆ, ಇಂಥದ್ದೇ ಇರುತ್ತದೆ. ಮನೆಯವರು ಓದಿ ತಮ್ಮದು ಇದು ಎಂದರೆ ಅವಳು ಅದಕ್ಕೆ ಹಳೆಯ ನಂಬರು ಕೊಟ್ಟು ಪಟ್ಟಿಗೆ ಸೇರಿಸುತ್ತಾಳೆ. ತಪ್ಪಿ ಬೇರೆ ದಾಖಲೆಗೆ ನಂಬರು ಕೊಟ್ಟುಬಿಟ್ಟರೆ ಮಾತ್ರ ನಾಳೆ ಹಾಳೆಯಲ್ಲಿ ಬರುವುದು ಯಾವತ್ತೋ ಹೋದ ಮನೆ, ಅವರದಲ್ಲ.

ಹನುಮಕ್ಕ ಎರಡನೆಯದನ್ನು ಓದಿಸಿಕೊಳ್ಳುತ್ತಿದ್ದಂತೆ ಕೈ ಎತ್ತಿದಳು. ಹೊಸಿಲಿನ ಎಡಗಡೆ ಒನಕೆ ಬಿದ್ದ ಗುರುತು, ಅದು ತನ್ನ ಅತ್ತೆ ಸಿಟ್ಟಿನಲ್ಲಿ ಎಸೆದದ್ದು ಎಂದಳು. ಫಿಲೋಮಿನಾ ಕೊನೆಯದನ್ನು ಗುರುತಿಸಿದಳು, ಅಟ್ಟದ ಏಣಿಯ ಮೂರನೆಯ ಮೆಟ್ಟಿಲು ಇಲ್ಲದ ಮನೆ ಊರಲ್ಲೇ ತನ್ನದೊಂದು. ಇಬ್ಬರಿಗೂ ಒಂದು ನಿಮಿಷ ಹಿಡಿಯಲಿಲ್ಲ. ದಾಕ್ಷಾಯಿಣಿ ನಂಬರು ಕೊಟ್ಟು ಸೇರಿಸಿದಳು. ಆಮೇಲೆ ಕುರ್ಚಿ ನನಗೆ ಬಿಟ್ಟುಕೊಟ್ಟಳು.

ಮೂರು ದಾಖಲೆ ಉಳಿದಿದ್ದವು. ನಾಲ್ಕು ಮೆಟ್ಟಿಲು, ಹಸಿರು ಬಾಗಿಲು, ಬೀದಿಗೆ ಎರಡು ಕಿಟಕಿ. ಐದು ಮೆಟ್ಟಿಲು, ಹಸಿರು ಬಾಗಿಲು, ಅಡುಗೆಮನೆಯ ಕಿಟಕಿ ಬಾಗಿಲು ಕಿತ್ತುಹೋಗಿ ದಾರದಿಂದ ಕಟ್ಟಿದೆ. ಐದು ಮೆಟ್ಟಿಲು, ಹಸಿರು ಬಾಗಿಲು, ಹಿತ್ತಿಲಲ್ಲಿ ಒಗೆಯುವ ಕಲ್ಲು ಎರಡು ತುಂಡು. ನನ್ನ ಬಾಗಿಲು ಹಸಿರು, ಅಷ್ಟು ಗೊತ್ತಿತ್ತು. ಮೆಟ್ಟಿಲೆಷ್ಟು? ಕಚೇರಿಯ ಮೆಟ್ಟಿಲು ಏಳು, ಆಸ್ಪತ್ರೆಯದು ಹನ್ನೆರಡು, ಗುರುಪಾದಯ್ಯನವರ ಮನೆಗೆ ಮೂರು. ನನ್ನ ಮನೆಯದನ್ನು ಇಪ್ಪತ್ತಾರು ವರ್ಷದಿಂದ ಹತ್ತಿ ಇಳಿದಿದ್ದೇನೆ, ಒಮ್ಮೆಯೂ ಎಣಿಸಿರಲಿಲ್ಲ. ನನ್ನ ಹಿತ್ತಿಲಲ್ಲಿ ಒಗೆಯುವ ಕಲ್ಲು ಇದೆಯೇ? ಇರಲೇಬೇಕು, ಬಟ್ಟೆ ಒಗೆದು ಬರುತ್ತಿದ್ದವಲ್ಲ. ಅದು ತುಂಡಾಗಿದೆಯೇ? ಹಿತ್ತಿಲಿಗೆ ನಾನು ಹೋಗುತ್ತಿದ್ದುದು ಪಾಗಾರದ ಆಚೆ ಆ ದಿನದ ಪಕ್ಕದವರು ಏನು ಮಾಡುತ್ತಿದ್ದಾರೆ ಎಂದು ನೋಡಲು. ಕಲ್ಲನ್ನು ನೋಡಿದ ನೆನಪೇ ಇಲ್ಲ.

ಗಂಟೆ ನಾಲ್ಕಾಯಿತು, ನಾಲ್ಕೂವರೆಯಾಯಿತು. ಮೂರು ದಾಖಲೆಗಳನ್ನು ಓದಿ ಓದಿ ಬಾಯಿಪಾಠವಾದವು, ಯಾವುದೂ ನನ್ನದೆನಿಸಲಿಲ್ಲ, ಎಲ್ಲವೂ ನನ್ನದಿರಬಹುದು ಎನಿಸಿತು. ಊಹಿಸಿ ಒಂದಕ್ಕೆ ನಂಬರು ಕೊಟ್ಟುಬಿಡಲೇ ಎಂದೂ ಕೈ ಹೋಯಿತು. ತಪ್ಪಿದರೆ ವಿಶಾಲಾಕ್ಷಿ ಇನ್ನು ಎಂದೂ ಇಲ್ಲ. ನನ್ನ ಪಕ್ಕದಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಅವಳು ನನ್ನ ಮನೆಯ ಪಕ್ಕ ಎಷ್ಟೋ ದಿನ ಬಂದು ನಿಂತದ್ದು ನನಗೆ ಗೊತ್ತಿತ್ತು, ಹಾಳೆಯಲ್ಲಿ ಅವಳ ನಂಬರು ಎಲ್ಲಿದೆ ಎಂದು ದಿನಾ ನೋಡುತ್ತಿದ್ದೆನಲ್ಲ. ಅವಳಿಗೆ ತಿಳಿದಿರಬಹುದು. ಆದರೆ ಎಂಟು ತಿಂಗಳು ಕಳ್ಳಿಯೆಂದು ನೋಡಿದವಳನ್ನು, ಬಾಗಿಲು ಬಡಿದರೂ ತೆಗೆಯದೆ ಹೊರಗೆ ನಿಲ್ಲಿಸಿದವಳನ್ನು, ಯಾವ ಬಾಯಲ್ಲಿ ಕೇಳುವುದು? ಕೇಳಿದರೂ ಅವಳು ನಿಜವನ್ನೇ ಹೇಳುತ್ತಾಳೆಂದು ಏನು ಖಾತ್ರಿ? ನನ್ನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಗದು. ನಾನು ಅವಳ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ಐದು ಗಂಟೆಗೆ ಕೇಳಿದೆ. ಎರಡು ಸಲ ಹೇಳಬೇಕಾಯಿತು.

"ದಾಕ್ಷಾಯಿಣಿ, ನನ್ನ ಮನೆ ಯಾವುದು? ನನಗೆ ಗೊತ್ತಿಲ್ಲ."

ಅವಳು ಪರದೆ ನೋಡಲೂ ಇಲ್ಲ. "ದಾರ ಕಟ್ಟಿದ ಕಿಟಕಿಯದು, ಸಾರ್. ಕೆಂಪು ದಾರ. ನಮ್ಮನೆ ಪಕ್ಕಕ್ಕೆ ಬಂದಾಗೆಲ್ಲ ವಿಶಾಲಾಕ್ಷಮ್ಮ ಆ ದಾರ ಬಿಚ್ಚಿ ಕಿಟಕಿಯಿಂದಲೇ ಮಜ್ಜಿಗೆ ಕೊಡ್ತಾರೆ. ಎರಡು ವರ್ಷ ಆಯ್ತಂತೆ ಕಿತ್ತುಹೋಗಿ. ನಿಮಗೆ ಹೇಳಿದ್ರೆ ಯಾರು ಕಿತ್ತಿದ್ದು ಅಂತ ಶುರು ಮಾಡ್ತೀರಿ, ಅದಕ್ಕೇ ಹೇಳಿಲ್ಲ ಅಂದ್ರು."

ಕೆಂಪು ದಾರ. ಆ ದಾರವನ್ನು ನಾನು ನೋಡಿದ್ದೆ, ಕಿತ್ತುಹೋದ ಕಿಟಕಿಗೆ ಕಟ್ಟಿದ್ದೆಂದು ಮಾತ್ರ ಹೊಳೆದಿರಲಿಲ್ಲ. ಹೋದ ವರ್ಷ ಒಂದು ದಿನ ಬೀದಿಯಿಂದ ಅದು ಕಣ್ಣಿಗೆ ಬಿದ್ದು, ವಿಶಾಲಾಕ್ಷಿ ಯಾರಿಗೋ ಗುರುತು ತೋರಿಸಲು ಕಟ್ಟಿದ್ದಾಳೆ ಎಂದುಕೊಂಡಿದ್ದೆ. ಯಾರಿಗೆ ಎಂದು ತಿಳಿಯಲು ಮೂರು ದಿನ ಹಾಳೆ ಹೊರಬಿದ್ದ ಕೂಡಲೇ ಕಚೇರಿಯಿಂದ ತಪ್ಪಿಸಿಕೊಂಡು ಬಂದು ಒಂದು ಗಾಡಿಯ ಮರೆಯಲ್ಲಿ ನಿಂತಿದ್ದೆ. ಯಾರೂ ಬರಲಿಲ್ಲ. ಜಾಣೆ, ನಾನು ನಿಂತದ್ದು ತಿಳಿದು ಎಚ್ಚೆತ್ತುಕೊಂಡಿದ್ದಾಳೆ ಎಂದುಕೊಂಡು ಮನೆಗೆ ಹೋಗಿ ಅವಳು ಬಡಿಸಿದ್ದನ್ನು ಉಂಡು ಮಲಗಿದ್ದೆ. ಇದು ಯಾಕೆ ಎಂದು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಯಿತು. ಎದ್ದು ಕುರ್ಚಿ ಬಿಟ್ಟೆ, ದಾಕ್ಷಾಯಿಣಿ ಕೂತು ಆ ದಾಖಲೆಗೆ ನೂರ ಹದಿನೆಂಟು ಎಂದು ಕೊಟ್ಟಳು. ಬೀಗದಕೈ ಜನಿವಾರದಿಂದ ಬಿಚ್ಚಿ ಅವಳ ಮುಂದಿಟ್ಟೆ. ಅವಳು ಬೀರು ತೆಗೆದು ಖಾಲಿ ಡಿಸ್ಕು ಹೊರತಂದು ನಕಲಿಗೆ ಹಚ್ಚಿದಳು. ನಕಲು ಮುಗಿದ ಮೇಲೆ ಕೊಡಬೇಕಾದ ಆದೇಶ ಕೊಟ್ಟು ಯಂತ್ರವನ್ನು ತಾನೇ ನಿಲ್ಲಿಸುವುದಾಗಿ ಹೇಳಿದಳು. ನಾನು ಆಸ್ಪತ್ರೆಯ ಜಗಲಿಗೆ ಹೋದೆ.

ಮೂರನೆಯ ಬೆಳಿಗ್ಗೆ ಯಂತ್ರ ಒಂದೇ ಸಲಕ್ಕೆ ಎದ್ದಿತು. ನಾನೂರ ಹನ್ನೆರಡು ಸಾಲು. ನೂರ ಹದಿನೆಂಟು, ಆಸ್ಪತ್ರೆಯ ಹಿಂಬದಿ, ಬೇವಿನ ಮರದಿಂದ ಎರಡನೆಯದು. ಹಾಳೆಯನ್ನು ಕೈಯಲ್ಲಿ ಹಿಡಿದೇ ಓಡಿದೆ. ಅಷ್ಟು ಹೊತ್ತೂ ಒಂದೇ ಯೋಚನೆ: ದಾಕ್ಷಾಯಿಣಿ ಸುಳ್ಳು ಹೇಳಿದ್ದರೆ? ಬೇವಿನ ಮರ ದಾಟಿ ಎರಡನೆಯ ಮನೆಯ ಮುಂದೆ ನಿಂತು ಮೆಟ್ಟಿಲೆಣಿಸಿದೆ. ಐದಿದ್ದವು. ಹಸಿರು ಬಾಗಿಲು. ನನ್ನ ಮನೆ ಹೌದೋ ಅಲ್ಲವೋ ಎಂದು ನೋಡಿ ಹೇಳಲು ಆಗಲೂ ನನಗೆ ಬರಲಿಲ್ಲ. ಬಾಗಿಲು ತಟ್ಟಿದೆ.

ವಿಶಾಲಾಕ್ಷಿಯೇ ತೆಗೆದಳು. ಎರಡು ದಿನದ ನಿದ್ದೆಗೇಡು ಮುಖದಲ್ಲಿತ್ತು. ನನ್ನನ್ನು ನೋಡಿ, ನನ್ನ ಬೆನ್ನ ಹಿಂದಿನ ಬೀದಿ ನೋಡಿ, ಮರ ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎರಡು ದಿನ ಬಾಗಿಲು ತೆಗೆದರೆ ಹೊರಗೆ ಏನೂ ಇರಲಿಲ್ಲ ಎಂದಳು, ಮೆಟ್ಟಿಲೂ ಇರಲಿಲ್ಲ ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅಳುವುದು ನನಗೆ ಅಭ್ಯಾಸವಿಲ್ಲ, ಹಾಳೆಯಲ್ಲೇ ಮುಖ ಒರೆಸಿಕೊಂಡೆ.

"ಇದು ನಮ್ಮ ಮನೆ ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಗೊತ್ತಾಗಲಿಲ್ಲ. ದಾಕ್ಷಾಯಿಣಿಯನ್ನ ಕೇಳಿದೆ."

"ನೀವು ಕೇಳಿದ್ರಾ?"

"ಕೇಳಿದೆ."

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಇದನ್ನು ಈಗ ಯಾಕೆ ಹೇಳುತ್ತಿದ್ದಾನೆ, ಇದರ ಹಿಂದೆ ಏನಿದೆ, ನಿಜವೋ ಸುಳ್ಳೋ ಎಂದು ಅಳೆಯುವ ನೋಟ. ಆ ನೋಟವನ್ನು ಅವಳು ಯಾರಿಂದ ಕಲಿತಳೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿಯುವವರೆಗೂ, ಬಹಳ ಹೊತ್ತು, ಐದನೆಯ ಮೆಟ್ಟಿಲ ಮೇಲೆ ನಿಂತೇ ಇದ್ದೆ.